ಮೈನೋವಿಗೆ ಮರ್ದನ: ಒಂಟೇರಿಯೊಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಒಂಟೇರಿಯೊ ಪ್ರಾಂತಕ್ಕೆ ಬಂದು ನೆಲೆಯೂರುವ ನಮ್ಮ ಕುಟುಂಬಗಳಲ್ಲಿ, ಮೊದಲನೆಯ ಚಳಿಗಾಲ ಮುಗಿಯುವುದರೊಳಗೆ ಮನೆಯ ಯಾರಾದರೊಬ್ಬರಿಗೆ ಸೊಂಟವೋ ಕತ್ತೋ ಹೆಗಲೋ ಹಿಡಿದುಕೊಳ್ಳದೆ ಇರುವುದು ಅಪರೂಪ. ವಿಮಾನದಿಂದಿಳಿಸಿದ 23 ಕಿಲೋ ತೂಕದ ಪೆಟ್ಟಿಗೆಗಳನ್ನು ಲಿಫ್ಟಿಲ್ಲದ ಮನೆಗೆ ಹೊತ್ತೇರಿಸಿದ ದಿನ ಮೊದಲುಗೊಂಡು, ಬ್ರಾಂಪ್ಟನ್ನಿನ ಗೋದಾಮಿನಲ್ಲಿ ನಿಂತೇ ಕಳೆಯುವ ರಾತ್ರಿ ಪಾಳಿ, ಊಟದ ಮೇಜನ್ನೇ ಕಚೇರಿಯಾಗಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಾಗಿ ಕುಳಿತ ಹಗಲು, ಹಿಂದೆಂದೂ ಹಿಡಿದರಿಯದ ಹಿಮದ ಸಲಿಕೆ, ಚಳಿಗೆ ಹೆಗಲನ್ನು ಕಿವಿಯವರೆಗೆ ಮುದುಡಿಕೊಂಡು ಬಸ್ಸಿಗೆ ಕಾಯುವ ಮುಂಜಾನೆ, ಇವೆಲ್ಲವೂ ಸೇರಿ ಮೈಯನ್ನು ಹಣ್ಣುಮಾಡುತ್ತವೆ. ಊರಿನಲ್ಲಾಗಿದ್ದರೆ ಅಮ್ಮನೋ ಅತ್ತೆಯೋ ಹರಳೆಣ್ಣೆ ಬೆಚ್ಚಗೆ ಮಾಡಿ ಬೆನ್ನು ನೀವಿ, ಹಂಡೆಯ ಬಿಸಿನೀರೆರೆದು, ಮೆಣಸಿನ ಸಾರು ಅನ್ನ ಬಡಿಸಿ ಮಲಗಿಸುತ್ತಿದ್ದರು. ಇಲ್ಲಿ ಆ ಕೈಗಳು ಹತ್ತಿರವಿಲ್ಲ. ಮಸಾಜ್ ಎಂಬುದು ಹಣವಂತರ ವಿಲಾಸವೆಂದೂ, ಮಾನವಂತರು ಹೋಗತಕ್ಕ ಸ್ಥಳವಲ್ಲವೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವುದರಿಂದ, ಮಾತ್ರೆ ನುಂಗಿ ನೋವನ್ನು ಸಹಿಸಿಕೊಂಡಿರುವುದೇ ಅವರಿಗೆ ಸಹಜವಾಗಿ ತೋರುತ್ತದೆ. ಆ ಭಾವನೆಯನ್ನು ಬಿಡಬೇಕೆಂದೂ, ಬಿಟ್ಟ ಮೇಲೆ ತಕ್ಕ ಎಚ್ಚರದಿಂದ ಈ ಚಿಕಿತ್ಸೆಯನ್ನು ಪಡೆಯಬೇಕೆಂದೂ ನನ್ನ ಬಿನ್ನಹ.

ಈ ಪ್ರಾಂತದಲ್ಲಿ ಅಂಗಮರ್ದನವು ಶಾಸನಬದ್ಧವಾದ ಆರೋಗ್ಯವೃತ್ತಿ. ವೈದ್ಯರಿಗೂ ದಾದಿಯರಿಗೂ ದಂತವೈದ್ಯರಿಗೂ ಇರುವಂತೆ ಈ ವೃತ್ತಿಗೂ ಪ್ರತ್ಯೇಕವಾದ ನಿಯಂತ್ರಣ ಸಂಸ್ಥೆಯೊಂದುಂಟು. ಅದು ಕಾಲೇಜ್ ಆಫ್ ಮಸಾಜ್ ಥೆರಪಿಸ್ಟ್ಸ್ ಆಫ್ ಒಂಟೇರಿಯೊ. 1991ರ ಮಸಾಜ್ ಥೆರಪಿ ಕಾಯಿದೆಯ ಮೇರೆಗೆ, ವಿಧಿಸಿದ ವ್ಯಾಸಂಗವನ್ನು ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರು ಮಾತ್ರವೇ ತಮ್ಮನ್ನು ಮಸಾಜ್ ಥೆರಪಿಸ್ಟ್ ಎಂದು, ಅಥವಾ ಎಲ್ಲರ ಬಾಯಲ್ಲಿರುವಂತೆ ‘ಆರ್‌ಎಂಟಿ’ ಎಂದು ಕರೆದುಕೊಳ್ಳಬಹುದು. ಅಂಗಡಿಸಾಲಿನಲ್ಲಿ ಮಿನುಗುವ ಫಲಕ ತೂಗುಹಾಕಿದವರೆಲ್ಲ ಆರ್‌ಎಂಟಿಗಳಲ್ಲ. ಆ ಸಂಸ್ಥೆಯ ಸಾರ್ವಜನಿಕ ನೋಂದಣಿಪಟ್ಟಿಯಲ್ಲಿ ಚಿಕಿತ್ಸಕರ ಹೆಸರನ್ನು ಹುಡುಕಿ, ಅವರ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಮನೆಯಲ್ಲಿ ಕುಳಿತೇ ನೋಡಿಕೊಳ್ಳಬಹುದಾದ್ದರಿಂದ, ಹಾಗೆ ನೋಡದೆ ಯಾರ ಕೈಗೂ ನಿಮ್ಮ ಬೆನ್ನನ್ನು ಒಪ್ಪಿಸಬೇಡಿ. ಬ್ರಿಟಿಷ್ ಕೊಲಂಬಿಯ, ನ್ಯೂ ಬ್ರನ್ಸ್‌ವಿಕ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಪ್ರಿನ್ಸ್ ಎಡ್ವರ್ಡ್ ದ್ವೀಪಗಳಲ್ಲಿಯೂ ಇಂಥ ನಿಯಂತ್ರಣವುಂಟು. ಉಳಿದ ಪ್ರಾಂತಗಳಲ್ಲಿ ನೆಲೆಸಿರುವ ನಿಮ್ಮ ಬಂಧುಗಳು ಇನ್ನೂ ಹೆಚ್ಚಿನ ವಿಚಾರಣೆಯ ಮೇಲೆಯೇ ಚಿಕಿತ್ಸಕರನ್ನು ಆರಿಸಿಕೊಳ್ಳುವುದು ಲೇಸು.

ಇನ್ನು, ಕೈಯೊತ್ತಿದ ಮಾತ್ರಕ್ಕೆ ನೋವು ಹೇಗೆ ಶಮನವಾಗುತ್ತದೆ? ಮಂಡಿಯನ್ನು ಮೇಜಿಗೆ ಬಡಿಸಿಕೊಂಡ ಮಗು, ಯಾರೂ ಕಲಿಸದಿದ್ದರೂ, ಮರುಕ್ಷಣವೇ ಆ ಜಾಗವನ್ನು ತಾನೇ ಉಜ್ಜಿಕೊಳ್ಳುತ್ತದೆ. ಅದರ ಮರ್ಮವನ್ನು 1965ರಲ್ಲಿ ಪ್ಯಾಟ್ರಿಕ್ ವಾಲ್ ಅವರೊಡನೆ ಸೇರಿ ವಿವರಿಸಿದ ರೊನಾಲ್ಡ್ ಮೆಲ್ಜಾಕ್ ಅವರು ಈ ದೇಶದವರೇ, ಮಾಂಟ್ರಿಯಲ್ಲಿನಲ್ಲಿ ಹುಟ್ಟಿ ಅಲ್ಲಿನ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಾಪನ ಮಾಡಿದವರು. ನೋವಿನ ವಾರ್ತೆಯನ್ನು ಒಯ್ಯುವ ನರತಂತುಗಳೂ ಸ್ಪರ್ಶವನ್ನು ತಿಳಿಸುವ ನರತಂತುಗಳೂ ಬೆನ್ನುಹುರಿಯಲ್ಲಿ ಒಂದೆಡೆ ಸೇರುತ್ತವೆಂದೂ, ಸ್ಪರ್ಶದ ವಾರ್ತೆ ಪ್ರಬಲವಾದಾಗ ಅಲ್ಲಿನ ದ್ವಾರವು ನೋವಿನ ವಾರ್ತೆಗೆ ಅರ್ಧ ಮುಚ್ಚಿಕೊಳ್ಳುತ್ತದೆಂದೂ ಅವರಿಬ್ಬರ ಸಿದ್ಧಾಂತ. ಮುಂದಿನ ಸಂಶೋಧನೆಗಳಿಂದ ಅದರ ಸೂಕ್ಷ್ಮಾಂಶಗಳು ತಿದ್ದುಪಡಿಗೊಂಡಿದ್ದರೂ, ಮೂಲ ವಿಚಾರವು ಇಂದಿಗೂ ನಿಂತಿದೆ. ಇದರ ಜೊತೆಗೆ, ಬೆಚ್ಚನೆಯ ಕೋಣೆಯಲ್ಲಿ ನಿಧಾನವಾಗಿ ಮೈಯನ್ನು ನೀವಿಸಿಕೊಳ್ಳುತ್ತಿರುವಾಗ ಉಸಿರು ನೀಳವಾಗುತ್ತದೆ, ಎದೆಬಡಿತ ಇಳಿಯುತ್ತದೆ, ನೋಯುವ ಜಾಗವನ್ನು ಕಾಯಲೆಂದು ಬಿಗಿದ ಸ್ನಾಯುಗಳು ಆ ಕಾವಲನ್ನು ಸಡಿಲಿಸುತ್ತವೆ. ಮೈಯೊಳಗಿನ ವಿಷವು ಹೊರಬೀಳುತ್ತದೆ, ಸ್ನಾಯುವಿನ ಆಮ್ಲವು ಕರಗಿಹೋಗುತ್ತದೆ ಎಂದು ಹೇಳುವವರುಂಟು; ಆ ಮಾತುಗಳಿಗೆ ಆಧಾರವಿಲ್ಲ, ಅವನ್ನು ನೆಚ್ಚಿ ಹಣ ಕೊಡಬೇಕಾಗಿಲ್ಲ.

ಸ್ನಾಯುವಿನ ನೋವಿಗೆ ಈ ಚಿಕಿತ್ಸೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ರಾತ್ರಿಯೆಲ್ಲ ಪೆಟ್ಟಿಗೆಗಳನ್ನೆತ್ತಿದ ತರುಣನೊಬ್ಬನ ಹೆಗಲಿನಲ್ಲಿ, ಕತ್ತಿನ ಬುಡದಿಂದ ಭುಜದ ತುದಿಗೆ ಹರಡಿರುವ ಸ್ನಾಯುವಿನ ನಡುವೆ, ಕಡಲೆಕಾಳಿನಷ್ಟು ಗಂಟೊಂದು ಬೆರಳಿಗೆ ಸಿಕ್ಕುತ್ತದೆ. ಅದನ್ನೊತ್ತಿದರೆ ಕಿವಿಯ ಹಿಂದೆ, ಒಮ್ಮೊಮ್ಮೆ ಕಣತಲೆಯವರೆಗೂ ಸೆಳೆತ ಹಾಯುತ್ತದೆ. ಚಿಕಿತ್ಸಕಿಯು ಮೊದಲು ಅಂಗೈಯಿಂದ ಆ ಹೆಗಲನ್ನೆಲ್ಲ ನೀವಿ ಬೆಚ್ಚಗಾಗಿಸಿ, ಬಳಿಕ ಹೆಬ್ಬೆರಳನ್ನು ಆ ಗಂಟಿನ ಮೇಲಿಟ್ಟು, ಅವಸರವಿಲ್ಲದೆ ಒತ್ತಿ ಹಿಡಿದು, ಬೆರಳಿನಡಿಯಲ್ಲಿ ಬಿಗಿತವು ಸಡಿಲವಾಗುವವರೆಗೆ ಕಾಯುತ್ತಾಳೆ. ಇದರಲ್ಲಿ ಬಲಪ್ರದರ್ಶನಕ್ಕೆ ಎಡೆಯಿಲ್ಲ. ಹೆಚ್ಚು ನೋಯಿಸಿದಷ್ಟೂ ಹೆಚ್ಚು ಗುಣವೆಂಬ ನಂಬಿಕೆ ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರ ಕಾಲದಿಂದ ಬಂದದ್ದು. ಅತಿಯಾದ ಒತ್ತಡಕ್ಕೆ ಸ್ನಾಯು ಮತ್ತೂ ಬಿಗಿದುಕೊಳ್ಳುವುದೇ ಹೆಚ್ಚು. ಆದ್ದರಿಂದ ಒತ್ತಡ ಹೇಗಿದೆಯೆಂದು ಕೇಳಿದಾಗ ಸಂಕೋಚಪಟ್ಟು ‘ಪರವಾಗಿಲ್ಲ’ ಎನ್ನದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೊಸದಾಗಿ ತಲೆದೋರಿದ ಸೊಂಟನೋವಿಗೆ ಮಾತ್ರೆಗಿಂತ ಮೊದಲೇ ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಶಾಖದ ಜೊತೆಗೆ ಮರ್ದನವನ್ನೂ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ.

ನರದ ನೋವಿನ ವಿಷಯದಲ್ಲಿ ಅಪೇಕ್ಷೆಯನ್ನು ಸ್ವಲ್ಪ ಮಿತಗೊಳಿಸಿಕೊಳ್ಳಬೇಕು. ಸೊಂಟದಿಂದ ತೊಡೆಯ ಹಿಂಬದಿಗೆ, ಅಲ್ಲಿಂದ ಹಿಮ್ಮಡಿಗೆ ಚಳುಕು ಹಾಯುವಾಗ, ಬೆನ್ನುಮೂಳೆಯ ಬಿಲ್ಲೆ ಜರುಗಿ ನರವನ್ನು ಒತ್ತಿದ್ದರೆ ಆ ಬಿಲ್ಲೆಯನ್ನು ಯಾವ ಕೈಯೂ ಹಿಂದಕ್ಕೆ ತಳ್ಳಲಾರದು. ಆದರೆ ಆ ನರದ ಸುತ್ತ, ನಿತಂಬದಲ್ಲಿಯೂ ಸೊಂಟದಲ್ಲಿಯೂ ಕಾವಲಿಗೆಂದು ಬಿಗಿದು ನಿಂತ ಸ್ನಾಯುಗಳು ಸಡಿಲವಾದರೆ, ನಡೆಯುವುದಕ್ಕೂ ನಿದ್ರಿಸುವುದಕ್ಕೂ ಆಸ್ಪದವಾಗುತ್ತದೆ. ಕೀಲಿಮಣೆ ಕುಟ್ಟುವವರಿಗೆ ರಾತ್ರಿ ಹೆಬ್ಬೆರಳು ತೋರುಬೆರಳುಗಳು ಜೋಮು ಹಿಡಿಯುವಾಗಲೂ ಹೀಗೆಯೇ: ಮುಂಗೈಯ ಮರ್ದನ ಸಹಾಯಕ, ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಅದಕ್ಕಿಂತ ಮುಖ್ಯ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದಗಳು ಸ್ಪರ್ಶವನ್ನು ಕಳೆದುಕೊಂಡಿರುವ ಹಿರಿಯರಿಗಂತೂ ಗಟ್ಟಿಯಾಗಿ ಒತ್ತುವುದೂ ಬಿಸಿ ಚೀಲವಿಡುವುದೂ ಅಪಾಯಕರ. ಸುಟ್ಟದ್ದು ಅವರಿಗೆ ತಿಳಿಯದೆ ಹೋಗಬಹುದು.

ಕೀಲುನೋವಿನಲ್ಲಿ ಮಂಡಿಯದೇ ಅಗ್ರಸ್ಥಾನ. ಸವೆದ ಮೃದ್ವಸ್ಥಿಯು ಮರ್ದನದಿಂದ ಮರಳಿ ಬೆಳೆಯುವುದಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಂಡಿ ಸವೆತದ 125 ಮಂದಿಯನ್ನು ಗುಂಪುಗಳಾಗಿ ಮಾಡಿ 8 ವಾರಗಳ ಕಾಲ ಬೇರೆಬೇರೆ ಪ್ರಮಾಣದಲ್ಲಿ ಮರ್ದನ ಮಾಡಿದಾಗ, ವಾರಕ್ಕೊಮ್ಮೆ 60 ನಿಮಿಷದ ಚಿಕಿತ್ಸೆ ಅನುಕೂಲವಾದ ಪ್ರಮಾಣವೆಂದು ಕಂಡುಬಂತು. ಆದರೆ ಚಿಕಿತ್ಸೆ ನಿಂತ ಮೇಲೆ, ಅಧ್ಯಯನದ 24ನೆಯ ವಾರ ಬರುವ ವೇಳೆಗೆ ಗುಂಪುಗಳ ನಡುವಣ ವ್ಯತ್ಯಾಸ ಗಣನೀಯವಾಗಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿಯೇ ಇದೆ. ಮರ್ದನವು ನೋವಿನಿಂದ ಕೆಲವು ದಿನಗಳ ಬಿಡುವನ್ನು ದೊರಕಿಸಿಕೊಡುತ್ತದೆ. ಆ ಬಿಡುವಿನಲ್ಲಿ ನಡೆದು, ತೊಡೆಯ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಮಾಡಿದವರಿಗೆ ಆ ಲಾಭ ನಿಲ್ಲುತ್ತದೆ, ಹೊದ್ದು ಮಲಗಿದವರಿಗೆ ನಿಲ್ಲುವುದಿಲ್ಲ.

ಯಾವಾಗ ಮೈಯನ್ನು ಮುಟ್ಟಿಸಿಕೊಳ್ಳಬಾರದು ಎಂಬುದು ಇಷ್ಟೇ ಮುಖ್ಯ. ಅಭ್ಯಂಗದ ಗುಣಗಳನ್ನು ಹೊಗಳಿದ ಆಯುರ್ವೇದಾಚಾರ್ಯ ವಾಗ್ಭಟನೇ ತನ್ನ ಅಷ್ಟಾಂಗಹೃದಯವೆಂಬ ಗ್ರಂಥದಲ್ಲಿ ಅಜೀರ್ಣವಿರುವವರೂ ಕಫಪೀಡಿತರೂ ಅದನ್ನು ವರ್ಜಿಸಬೇಕೆಂದಿದ್ದಾನೆ. ಇಂದಿನ ವೈದ್ಯದ ನಿಷೇಧಗಳ ಪಟ್ಟಿ ಬೇರೆಯಾದರೂ ಎಚ್ಚರವು ಅದೇ. ದೀರ್ಘ ವಿಮಾನಯಾನದ ಬಳಿಕ ಒಂದೇ ಕಾಲಿನ ಮೀನಖಂಡ ಊದಿ, ಕೆಂಪೇರಿ, ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಪ್ರಯಾಣದ ಆಯಾಸವೆಂದು ಅಪ್ಪ ಅಮ್ಮಂದಿರ ಅಂಥ ಕಾಲನ್ನು ತಿಕ್ಕುವುದು ಘೋರ ಪ್ರಮಾದ, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ 911ಕ್ಕೆ ಕರೆ ಮಾಡಿ. ಸೊಂಟನೋವಿನೊಡನೆ ಮಲಮೂತ್ರಗಳ ಹತೋಟಿ ತಪ್ಪಿದರೆ, ಜನನೇಂದ್ರಿಯದ ಸುತ್ತ ಸ್ಪರ್ಶ ತಿಳಿಯದೆ ಹೋದರೆ, ಕಾಲು ಬಲಗುಂದುತ್ತಿದ್ದರೆ ನೇರವಾಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು. ಜ್ವರ, ಚರ್ಮದ ಸೋಂಕು, ಹೊಸ ಮೂಳೆಮುರಿತಗಳಿದ್ದಾಗ ಮರ್ದನ ಸಲ್ಲದು; ಗರ್ಭಿಣಿಯರು, ಮೂಳೆ ಟೊಳ್ಳಾದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ರಕ್ತ ತೆಳುಮಾಡುವ ಔಷಧ ಸೇವಿಸುವವರು ಮೊದಲು ವೈದ್ಯರನ್ನು ಕೇಳಬೇಕು. ಇನ್ನೂ ಕುಟುಂಬ ವೈದ್ಯರು ದೊರೆಯದಿದ್ದರೆ 811ಕ್ಕೆ ಕರೆಮಾಡಿ ದಾದಿಯೊಬ್ಬರ ಸಲಹೆಯನ್ನು ಯಾವ ವೇಳೆಯಲ್ಲಾದರೂ ಪಡೆಯಬಹುದು.

ಮೊದಲ ಸಲ ಹೋದಾಗ ಆರೋಗ್ಯದ ಪೂರ್ವವೃತ್ತಾಂತವನ್ನು ಕೇಳುವ ನಮೂನೆಯೊಂದನ್ನು ಕೊಡುತ್ತಾರೆ. ಊರಿನಿಂದ ತಂದ ಆಯುರ್ವೇದ ಗುಳಿಗೆಗಳನ್ನೂ ಸೇರಿಸಿ ಎಲ್ಲವನ್ನೂ ಬರೆಯಿರಿ. ಬಟ್ಟೆ ಎಷ್ಟು ಬಿಚ್ಚಬೇಕೆಂಬುದು ನಿಮ್ಮ ಇಷ್ಟ. ಮೈಮೇಲೆ ಹೊದಿಕೆಯಿದ್ದು, ಚಿಕಿತ್ಸೆ ಮಾಡುತ್ತಿರುವ ಭಾಗ ಮಾತ್ರ ತೆರೆದಿರುತ್ತದೆ. ಎದೆ, ನಿತಂಬ, ಒಳತೊಡೆಗಳಂಥ ಭಾಗಗಳಿಗೆ ಲಿಖಿತ ಸಮ್ಮತಿಯಿಲ್ಲದೆ ಕೈಹಾಕುವಂತಿಲ್ಲ, ಕೊಟ್ಟ ಸಮ್ಮತಿಯನ್ನು ನಡುವೆಯೇ ಹಿಂತೆಗೆದುಕೊಳ್ಳಲೂ ನಿಮಗೆ ಹಕ್ಕಿದೆ. ಸ್ತ್ರೀ ಚಿಕಿತ್ಸಕಿಯೇ ಬೇಕೆಂದು ಫೋನಿನಲ್ಲಿಯೇ ಹೇಳಬಹುದು. ಮಾಂಗಲ್ಯವನ್ನು ತೆಗೆಯಲು ಮನಸ್ಸಿಲ್ಲದಿದ್ದರೆ ಅದನ್ನೂ ಹೇಳಿ, ಪಕ್ಕಕ್ಕೆ ಸರಿಸಿಕೊಂಡು ಕೆಲಸ ಮಾಡುತ್ತಾರೆ.

ಖರ್ಚಿನ ಮಾತು. ಪ್ರಾಂತದ ಸರ್ಕಾರಿ ಆರೋಗ್ಯ ವಿಮೆಯಾದ ಓಹಿಪ್‌ನ ಕಾರ್ಡಿನಿಂದ ಇದಕ್ಕೆ ಹಣ ಸಿಗುವುದಿಲ್ಲ. ಆದರೆ ಉದ್ಯೋಗದಾತರು ಕೊಡುವ ಆರೋಗ್ಯ ವಿಮೆಯಲ್ಲಿ ಬಹಳ ಮಂದಿಗೆ ಆರ್‌ಎಂಟಿ ಚಿಕಿತ್ಸೆಗೆಂದು ವರ್ಷಕ್ಕಿಷ್ಟು ಡಾಲರೆಂದು ಮೀಸಲಿರುತ್ತದೆ, ಅದು ತಿಳಿಯದೆ ವರ್ಷದ ಕೊನೆಗೆ ವ್ಯರ್ಥವಾಗಿ ಕಳೆದುಹೋಗುತ್ತದೆ. ವೈದ್ಯರ ಚೀಟಿ ಬೇಕೇ ಎಂದು ವಿಮಾ ಪುಸ್ತಕದಲ್ಲಿ ನೋಡಿಕೊಂಡು, ನೋಂದಣಿ ಸಂಖ್ಯೆಯಿರುವ ರಸೀದಿಯನ್ನು ತಪ್ಪದೆ ಕೇಳಿ ಪಡೆಯಿರಿ. ಸೂಪರ್ ವೀಸಾದ ಮೇಲೆ ಬಂದ ತಂದೆತಾಯಿಗಳಿಗೆ ಮಾಡಿಸುವ ವಿಮೆ ತುರ್ತು ಚಿಕಿತ್ಸೆಗಾಗಿ ಇರುವಂಥದಾದ್ದರಿಂದ, ಹಳೆಯ ಮಂಡಿನೋವಿನ ಮರ್ದನಕ್ಕೆ ಅದನ್ನು ನೆಚ್ಚಿಕೊಳ್ಳಬಾರದು.

ಮನೆಯಲ್ಲಿಯೇ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿ ಒಬ್ಬರಿಗೊಬ್ಬರು ಕಾಲು, ಬೆನ್ನು ನೀವಿಕೊಳ್ಳುವುದು ಸಣ್ಣ ನೋವುಗಳಿಗೆ ಸಾಕಾದದ್ದು, ಪ್ರೀತಿಯದೂ ಹೌದು. ಎರಡು ವಿಷಯಗಳನ್ನು ಮಾತ್ರ ನೆನಪಿಡಿ. ಇಲ್ಲಿನ ಬಾತ್‌ಟಬ್ಬಿನಲ್ಲಿ ಎಣ್ಣೆಗಾಲಿಡುವ ಮುನ್ನ ರಬ್ಬರ್ ಚಾಪೆ ಹಾಸಿ, ಹಿರಿಯರ ಕೈ ಹಿಡಿದು ಇಳಿಸಿ. ಎಣ್ಣೆ ಹೀರಿದ ಟವೆಲುಗಳನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ಒಗೆದು, ಎಣ್ಣೆಯ ವಾಸನೆ ಹೋಗುವವರೆಗೂ ಡ್ರೈಯರಿಗೆ ಹಾಕದೆ ಹಗ್ಗದ ಮೇಲೆಯೇ ಒಣಗಿಸಿ. ಎಣ್ಣೆಯ ಪಸೆ ಉಳಿದ ಬಟ್ಟೆ ಡ್ರೈಯರಿನ ಕಾವಿಗೆ, ತೆಗೆದು ಮಡಿಸಿಟ್ಟ ಮೇಲೂ, ತಾನಾಗಿ ಹೊತ್ತಿಕೊಳ್ಳಬಹುದು.