ಎರಡು ವರುಷ ಒಂದರ ಹಿಂದೊಂದು ಮಳೆ ತಪ್ಪುವ ಸಂಭವ: ಚೀಟಿಗಳಿಂದ ಅಂದಾಜು ಮಾಡುವ ಕ್ರಮ

ಬಳ್ಳಾರಿ ಸೀಮೆಯಲ್ಲಿ ಒಂದು ವರುಷ ಮಳೆ ತಪ್ಪಿದರೆ ರೈತನು ಹೇಗೋ ತಾಳಿಕೊಳ್ಳುವನು. ಮರುವರುಷವೂ ತಪ್ಪಿದರೆ ಬಿತ್ತನೆಯ ಬೀಜವೂ ದನಗಳೂ ಉಳಿಯುವುದು ಕಷ್ಟ. 1876ರ ಧಾತು ಸಂವತ್ಸರದಲ್ಲಿ ಕೆಟ್ಟ ಮಳೆಯು 1877ರ ಈಶ್ವರ ಸಂವತ್ಸರದಲ್ಲಿಯೂ ಸಕಾಲಕ್ಕೆ ಬಾರದೆ ಹೋದುದರಿಂದ ಆ ಬರವು ಅಷ್ಟು ಘೋರವಾಯಿತು. ಈಗ ಸಿರುಗುಪ್ಪದ ಗದ್ದೆಗಳಿಗೆ ತುಂಗಭದ್ರಾ ಕಾಲುವೆಯ ಆಸರೆಯುಂಟು. ಬಳ್ಳಾರಿ, ಕುರುಗೋಡು ಕಡೆಗಳಲ್ಲಿ ಕಾಲುವೆ ಮುಟ್ಟದ ಎರೆ ಹೊಲಗಳಾದರೋ ಇಂದಿಗೂ ಮಳೆಯನ್ನೇ ನಂಬಿವೆ.

ಹತ್ತು ವರುಷಗಳಲ್ಲಿ ಮೂರು ವರುಷ ಮಳೆ ತಪ್ಪುವ ಊರೊಂದನ್ನು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಮುಂದಿನ ಐದು ವರುಷಗಳೊಳಗೆ ಅಲ್ಲಿ ಎರಡು ವರುಷ ಜೊತೆಯಾಗಿ ಮಳೆ ತಪ್ಪುವ ಸಂಭವವೆಷ್ಟು? ನೂರಕ್ಕೆ 9 ಎಂದು ಹಲವರು ಹೇಳುವರು. ಆದರೆ ಅದು ಗೊತ್ತುಮಾಡಿದ ಎರಡು ವರುಷಗಳಿಗೆ ಮಾತ್ರ ಸಲ್ಲುವ ಲೆಕ್ಕ. ಐದು ವರುಷಗಳಲ್ಲಿ ಅಂಥ ಜೋಡಿಗಳು ನಾಲ್ಕು ಇರುತ್ತವೆ.

ಇದನ್ನು ತಿಳಿಯಲು ಗಣಿತಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. 0 ಮೊದಲ್ಗೊಂಡು 9ರ ವರೆಗೆ ಅಂಕೆ ಬರೆದ ಹತ್ತು ಸಮನಾದ ಚೀಟಿಗಳನ್ನು ಗಡಿಗೆಯಲ್ಲಿ ಹಾಕತಕ್ಕದ್ದು. 0, 1, 2 ಬಂದರೆ ಮಳೆ ತಪ್ಪಿದ ವರುಷ. ಉಳಿದ ಅಂಕೆಗಳು ಬಂದರೆ ಒಳ್ಳೆಯ ವರುಷ. ನೋಡದೆ ಒಂದು ಚೀಟಿ ಎತ್ತಿ, ಅಂಕೆ ಬರೆದುಕೊಂಡು, ಚೀಟಿಯನ್ನು ಮರಳಿ ಹಾಕಿ, ಚೆನ್ನಾಗಿ ಕಲಸಿ ಮತ್ತೆ ಎತ್ತಬೇಕು. ಐದು ಸಲ ಎತ್ತಿದರೆ ಒಂದು ಸುತ್ತು. 4, 1, 2, 7, 9 ಬಂದರೆ ಜೋಡಿ ಬರ. 0, 5, 8, 2, 6 ಬಂದರೆ ಬರ ಎರಡಾದರೂ ಜೋಡಿಯಲ್ಲ.

ಹತ್ತು ಸುತ್ತುಗಳನ್ನು ನಂಬಲಾಗದು. ನೂರು ಸುತ್ತು ಮಾಡಿದರೆ ಜೋಡಿ ಬರವು ಸಾಮಾನ್ಯವಾಗಿ 18ರಿಂದ 36ರೊಳಗೆ ಕಾಣುವುದು. ಸುತ್ತುಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಅಂದಾಜಿನ ತಪ್ಪು ಅರ್ಧಕ್ಕಿಳಿಯುವುದು. ನಿಜವಾದ ಲೆಕ್ಕ ನೂರಕ್ಕೆ ಸುಮಾರು 27. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು.

ಚೀಟಿಗೆ ಬದಲಾಗಿ ಅಚ್ಚಾದ ಅಂಕೆಗಳ ಕೋಷ್ಟಕವನ್ನೂ ಬಳಸಬಹುದು. ಇಂಗ್ಲೆಂಡಿನ ಟಿಪ್ಪೆಟ್ ಎಂಬವರು 1927ರಲ್ಲಿ ಯಾವ ಕ್ರಮಕ್ಕೂ ಒಳಪಡದ 41,600 ಅಂಕೆಗಳನ್ನು ಪ್ರಕಟಿಸಿದರು. 1946ರಲ್ಲಿ ಅಮೆರಿಕದ ಉಲಾಮ್ ಎಂಬ ಗಣಿತಜ್ಞರಿಗೆ ಹೊಳೆದ ಇದೇ ಬಗೆಯ ಉಪಾಯವು ಮಾಂಟೆ ಕಾರ್ಲೊ ಕ್ರಮವೆಂದು ಹೆಸರಾಯಿತು. ಕಂಪ್ಯೂಟರು ಕ್ಷಣಮಾತ್ರದಲ್ಲಿ ಲಕ್ಷ ಸುತ್ತು ಮುಗಿಸಬಲ್ಲುದು.

ಚೀಟಿಯು ಯಾವ ವರುಷ ಬರ ಬರುವುದೆಂದು ಹೇಳುವ ಜ್ಯೋತಿಷವಲ್ಲ. ಹತ್ತರಲ್ಲಿ ಮೂರೆಂಬ ಮೊದಲ ಅಳತೆಯೇ ತಪ್ಪಾದರೆ ಫಲವೂ ತಪ್ಪಾಗುವುದು. ಒಂದು ವರುಷದ ಬರವು ಮುಂದಿನ ವರುಷಕ್ಕೂ ಎಳೆಯುವ ಸ್ವಭಾವವಿದ್ದರೆ ಅಪಾಯವು ಇನ್ನೂ ಹೆಚ್ಚು. ಆದುದರಿಂದ ಗ್ರಾಮದ ಮುಖಂಡರು ತಮ್ಮ ತಾಲ್ಲೂಕಿನ ಮಳೆಮಾಪನದ ಹಳೆಯ ಲೆಕ್ಕವನ್ನು ತರಿಸಿ, ಎಷ್ಟು ವರುಷ ತಪ್ಪಿತೆಂಬುದನ್ನು ಎಣಿಸಿ, ಶಾಲೆಯ ಮಕ್ಕಳಿಂದ ಈ ಪ್ರಯೋಗವನ್ನು ಮಾಡಿಸುವುದು ಉತ್ತಮ. ಸಂಭವವು ನಾಲ್ಕರಲ್ಲಿ ಒಂದೆಂದು ಕಂಡ ಊರಿನಲ್ಲಿ, ಒಳ್ಳೆಯ ಬೆಳೆಯ ವರುಷ ಜೋಳದ ಸೊಪ್ಪೆಯನ್ನೆಲ್ಲ ಮಾರಿಬಿಡದೆ ಎರಡು ವರುಷಕ್ಕಾಗುವಷ್ಟು ಬಣವೆಯೊಟ್ಟಿ, ಬೀಜದ ಕಾಳನ್ನು ಬೇರೆಯಾಗಿ ಕಾದಿರಿಸುವುದೇ ವಿವೇಕ.