ಗೆಣಸಿನ ಬಣ್ಣ, ಬೆಂಕಿಯ ಕೆಲಸ



ಬೇರಿನ ರೂಪಾಂತರದ ಪಾಠ ಬಂದಾಗ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ: ಆಲೂಗಡ್ಡೆ, ಗೆಣಸು ಎರಡೂ ಒಂದೇ ಬಗೆಯವೇ? ಹಲವರು ಹೌದು ಎನ್ನುತ್ತಾರೆ. ಆಲೂಗಡ್ಡೆ ಕಾಂಡ, ಅದರ ಮೇಲಿನ ಕಣ್ಣುಗಳೇ ಸಾಕ್ಷಿ. ಗೆಣಸು ಆಹಾರ ಕೂಡಿಟ್ಟು ಉಬ್ಬಿದ ಬೇರು. ಆಲೂಗಡ್ಡೆ ಬದನೆಯ ಬಂಧು, ಗೆಣಸು ಬೇಲಿ ಮೇಲೆ ಹಬ್ಬುವ ಮಾರ್ನಿಂಗ್ ಗ್ಲೋರಿ ಹೂಬಳ್ಳಿಯ ಬಂಧು. ಎರಡೂ ಅಮೆರಿಕ ಖಂಡದಿಂದ ಬಂದವು.

ಶಿವರಾತ್ರಿ ಹತ್ತಿರವಾದಂತೆ ಕೊಪ್ಪಳ, ಗಂಗಾವತಿಯ ಸಂತೆಗಳಲ್ಲಿ ಗೆಣಸಿನ ರಾಶಿ ಕಾಣುತ್ತದೆ. ಪಕ್ಕದ ಮನೆಯವರು ಉಪವಾಸಕ್ಕೆ ಒಯ್ಯುತ್ತಾರೆ, ನಾವು ಶಕರ್‌ಕಂದ್ ಎಂದು ಒಯ್ಯುತ್ತೇವೆ. ಇಲ್ಲಿ ಸಿಗುವುದು ಹೆಚ್ಚಾಗಿ ಕೆಂಪು ಸಿಪ್ಪೆಯ, ಬಿಳಿ ತಿರುಳಿನ ಗೆಣಸು. ಈ ಸಲ ಬೆಂಗಳೂರಿನಿಂದ ಕಿತ್ತಳೆ ಮತ್ತು ನೇರಳೆ ತಿರುಳಿನವನ್ನೂ ತರಿಸಿ, ಮೂರನ್ನೂ ಮನೆಯಲ್ಲಿ ಬೇಯಿಸಿ ನೋಡಿದೆ. ಕಿತ್ತಳೆಯದು ಮೆತ್ತಗೆ, ಗಜ್ಜರಿಯ ವಾಸನೆ. ನೇರಳೆಯದು ಹಿಟ್ಟುಹಿಟ್ಟು, ಸಿಹಿ ಕಡಿಮೆ.

ಬಣ್ಣ ಬರೀ ಚೆಂದಕ್ಕಲ್ಲ. ಕಿತ್ತಳೆ ಬಣ್ಣ ಬೀಟಾ ಕ್ಯಾರೋಟಿನ್‌ನದು. ನಮ್ಮ ದೇಹ ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಆ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ತಿರುವನಂತಪುರದಲ್ಲಿ 1963ರಿಂದ ಇರುವ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯ 100 ಗ್ರಾಂನಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ. ಆಫ್ರಿಕಾದಲ್ಲಿ ಕಿತ್ತಳೆ ಗೆಣಸನ್ನು ಬಡವರ ತಾಟಿಗೆ ತಲುಪಿಸಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಕ್ಯಾರೋಟಿನ್ ಕರಗುವುದು ಕೊಬ್ಬಿನಲ್ಲಿ. ಆದ್ದರಿಂದ ಕುಷ್ಟಗಿ, ಯಲಬುರ್ಗಾ ಕಡೆಯ ಶೇಂಗಾ ಒಂದು ಹಿಡಿ ಜೊತೆಗಿದ್ದರೆ ಒಳ್ಳೆಯದು.

ನೇರಳೆ ಬಣ್ಣ ಆಂಥೋಸಯನಿನ್‌ನದು. ಆ ಗೆಣಸು ಕುದಿಸಿದ ನೀರಿಗೆ ನಿಂಬೆರಸ ಹಿಂಡಿ: ಕೆಂಪಾಗುತ್ತದೆ. ಬೇರೆ ಲೋಟಕ್ಕೆ ಅಡುಗೆ ಸೋಡಾ ಹಾಕಿ: ನೀಲಿ, ಹಸಿರಿನತ್ತ ತಿರುಗುತ್ತದೆ. ಲಿಟ್ಮಸ್ ಕಾಗದ ಮಾಡುವ ಕೆಲಸವೇ ಇದು.

ಇನ್ನು ಬೆಂಕಿಯ ವಿಷಯ. ಒಂದೇ ರಾಶಿಯ ಗೆಣಸು, ಕೆಂಡದಲ್ಲಿ ಸುಟ್ಟರೆ ಕುದಿಸಿದ್ದಕ್ಕಿಂತ ಸಿಹಿ. ಏಕೆ? ಗೆಣಸಿನಲ್ಲಿರುವ ಬೀಟಾ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತದೆ. ಅದು ಚುರುಕಾಗಿರುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಡೀ ಗೆಣಸನ್ನು ನಿಧಾನ ಸುಟ್ಟರೆ ಆ ಶಾಖದಲ್ಲಿ ಬಹಳ ಹೊತ್ತು ಇರುತ್ತದೆ, ನೀರೂ ಆರಿ ಸಿಹಿ ಗಟ್ಟಿಯಾಗುತ್ತದೆ. ಹೋಳು ಮಾಡಿ ಕುದಿಯುವ ನೀರಿಗೆ ಹಾಕಿದರೆ ಶಾಖ ಬೇಗ ಏರಿ ಕಿಣ್ವ ಕೆಡುತ್ತದೆ.

ಈ ವ್ಯತ್ಯಾಸ ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ನನ್ನ ತಾಯಿಗೆ ಸಕ್ಕರೆ ಕಾಯಿಲೆಯಿದೆ. ಸುಟ್ಟ ಗೆಣಸು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಕುದಿಸಿದ್ದು ನಿಧಾನವಾಗಿ. ವೈದ್ಯರನ್ನು ಕೇಳಿ ಅವರಿಗೆ ಕುದಿಸಿದ ಎರಡು ಹೋಳು ಕೊಡುತ್ತೇವೆ; ಸುಟ್ಟದ್ದು ಮಕ್ಕಳಿಗೆ. ಹೆಸರು ಒಂದೇ ಆದರೂ ತಟ್ಟೆಗೆ ಬರುವುದು ಬೇರೆ ಆಹಾರ.

ದುಬೈನಿಂದ ಬಂದ ತಮ್ಮ ಒಂದಿಷ್ಟು ಚೆಸ್ಟ್‌ನಟ್ ತಂದಿದ್ದ. ಟರ್ಕಿಯ ಬೀದಿಗಳಲ್ಲಿ ಚಳಿಗಾಲಕ್ಕೆ ಇದನ್ನು ಹುರಿದು ಮಾರುತ್ತಾರೆ. ಸಿಪ್ಪೆಗೆ ಚಾಕುವಿನಿಂದ ಗೀರು ಹಾಕಿಯೇ ತವೆಯ ಮೇಲಿಟ್ಟೆವು. ಇಲ್ಲದಿದ್ದರೆ ಒಳಗಿನ ನೀರು ಆವಿಯಾಗಿ ಕಾಯಿ ಸಿಡಿಯುತ್ತದೆ. ಶೇಂಗಾದ ರುಚಿ ಇರಬಹುದೆಂದು ಬಾಯಿಗಿಟ್ಟವರಿಗೆ ಸಿಕ್ಕಿದ್ದು ಗೆಣಸಿನ ರುಚಿ. ಕಾರಣ ಸರಳ: ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ, ಚೆಸ್ಟ್‌ನಟ್‌ನಲ್ಲಿ ಎಣ್ಣೆ ಅತ್ಯಲ್ಪ, ಪಿಷ್ಟವೇ ಹೆಚ್ಚು. ಕೆರೆಯಲ್ಲಿ ಬೆಳೆಯುವ ಸಿಂಗಾಡವನ್ನೂ ಇಂಗ್ಲಿಷಿನಲ್ಲಿ ವಾಟರ್ ಚೆಸ್ಟ್‌ನಟ್ ಎನ್ನುತ್ತಾರೆ. ಅದು ಬೇರೆಯೇ ಸಸ್ಯ.

ನಿಮಗೊಂದು ಕೆಲಸ. ಒಂದೇ ಗಾತ್ರದ ಎರಡು ಗೆಣಸು ತೆಗೆದುಕೊಳ್ಳಿ. ಒಂದನ್ನು ಹೋಳು ಮಾಡಿ ಕುದಿಸಿ, ಇನ್ನೊಂದನ್ನು ಇಡಿಯಾಗಿ ಸುಡಿ. ಯಾವುದು ಎಂದು ಹೇಳದೆ ಮನೆಯ ಐವರಿಗೆ ಕೊಡಿ, ಸಿಹಿಗೆ ಅಂಕ ಹಾಕಿಸಿ, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ತರಗತಿಯ ಲೆಕ್ಕವನ್ನೆಲ್ಲ ಕೂಡಿಸಿ ಒಂದು ನಕ್ಷೆ ಬಿಡಿಸೋಣ.