ಬೆಳಕಿನಲ್ಲಿ ಏಳುವ ರಕ್ಕಸ ಅಲೆ

ನಡುಗಡಲಿನಲ್ಲಿ ಮುನ್ಸೂಚನೆಯಿಲ್ಲದೆ ಗೋಡೆಯಂತೆ ಎದ್ದುನಿಲ್ಲುವ ಒಂಟಿ ಅಲೆಯ ಸಂಗತಿಯನ್ನು ನಾವಿಕರು ತಲೆಮಾರುಗಳಿಂದ ಹೇಳುತ್ತ ಬಂದಿದ್ದರು. ವಿದ್ವಾಂಸರಲ್ಲಿ ಅನೇಕರು ಅದನ್ನು ಉತ್ಪ್ರೇಕ್ಷೆಯೆಂದೇ ಎಣಿಸಿದ್ದರು. 1995ರ ಜನವರಿ 1ರಂದು ಉತ್ತರ ಸಮುದ್ರದಲ್ಲಿರುವ ನಾರ್ವೆಯ ಡ್ರಾಪ್ನರ್ ವೇದಿಕೆಯ ಮಾಪಕವು ಸುಮಾರು 25.6 ಮೀಟರ್ ಎತ್ತರದ ಅಲೆಯೊಂದನ್ನು ದಾಖಲಿಸಿತು. ಆ ಹೊತ್ತಿನ ಅಲೆಗಳಲ್ಲಿ ಅತಿ ಎತ್ತರವಾದ ಮೂರನೆಯ ಒಂದು ಪಾಲಿನ ಸರಾಸರಿಯು ಸುಮಾರು 12 ಮೀಟರ್ ಮಾತ್ರವಾಗಿತ್ತು. ಈ ಸರಾಸರಿಯ ಎರಡು ಪಟ್ಟನ್ನು ಮೀರುವ ಅಲೆಯೇ ರಕ್ಕಸ ಅಲೆ. ನಾವಿಕರ ಮಾತು ಹೀಗೆ ದಿಟವಾಯಿತು.

ಇಂತಹ ಅಲೆಯು ಬೆಳಕಿನಲ್ಲಿಯೂ ಏಳಬಲ್ಲದೆಂಬುದು ಅನಂತರದ ಶೋಧ. ಅದರ ನೆಲೆ, ದೂರವಾಣಿ ಮತ್ತು ಅಂತರ್ಜಾಲದ ಸಂದೇಶಗಳನ್ನು ಹೊರುವ ಗಾಜಿನ ತಂತು. ಸಾಮಾನ್ಯವಾಗಿ ಬೆಳಕು ತಾನು ಸಾಗುವ ಗಾಜನ್ನು ಮಾರ್ಪಡಿಸುವುದಿಲ್ಲ. ಆದರೆ ಕೂದಲಿಗಿಂತ ತೆಳುವಾದ ತಿರುಳಿನಲ್ಲಿ ಪ್ರಬಲವಾದ ಬೆಳಕನ್ನು ಹಾಯಿಸಿದಾಗ ಗಾಜಿನ ವಕ್ರೀಭವನ ಸೂಚ್ಯಂಕವು ಬೆಳಕಿನ ತೀವ್ರತೆಗೆ ತಕ್ಕಂತೆ ಏರುತ್ತದೆ. ಇದಕ್ಕೆ ಕೆರ್ ಪರಿಣಾಮವೆಂದು ಹೆಸರು. ಇದರೊಡನೆ, ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಈ ಎರಡು ಗುಣಗಳು ಕೂಡಿದಾಗ, ಕೆಲವು ತರಂಗಾಂತರಗಳಲ್ಲಿ, ಸಮನಾದ ಬೆಳಕಿನ ಮೇಲಿನ ಸಣ್ಣ ಏರಿಳಿತವು ನೆರೆಯ ಶಕ್ತಿಯನ್ನು ಸೆಳೆದುಕೊಂಡು ಬೆಳೆಯುತ್ತದೆ. ನೀರಿನ ಅಲೆಗಳಲ್ಲಿ ಇಂತಹದೇ ಅಸ್ಥಿರತೆಯನ್ನು ಬೆಂಜಮಿನ್ ಮತ್ತು ಫೇರ್ ಎಂಬವರು 1967ರಲ್ಲಿಯೇ ತೋರಿಸಿದ್ದರು.

2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸೋಲಿ, ಬಹ್ರಾಮ್ ಜಲಾಲಿ ಮತ್ತು ಸಂಗಡಿಗರು ಒಂದೇ ಬಗೆಯ ಲೇಸರ್ ಮಿಡಿತಗಳನ್ನು ಒಂದರ ಹಿಂದೊಂದರಂತೆ ತಂತುವಿನೊಳಗೆ ಹಾಯಿಸಿದರು. ಹೊರಬಂದ ಮಿಡಿತಗಳು ಕ್ಷಣಿಕವಾದುದರಿಂದ ಸಾಮಾನ್ಯ ಉಪಕರಣಗಳಿಗೆ ಅವುಗಳ ಸರಾಸರಿಯಷ್ಟೇ ನಿಲುಕುತ್ತಿತ್ತು. ಈ ಸಂಶೋಧಕರು ಪ್ರತಿಯೊಂದು ಮಿಡಿತದ ಬಣ್ಣಗಳನ್ನೂ ಕಾಲದಲ್ಲಿ ಹಿಗ್ಗಿಸಿ ಬಿಡಿಬಿಡಿಯಾಗಿ ಅಳೆದರು. ಹೆಚ್ಚಿನ ತರಂಗಾಂತರದ ಅಂಚಿನಲ್ಲಿ ಬಹುತೇಕ ಮಿಡಿತಗಳು ದುರ್ಬಲವಾಗಿದ್ದವು. ವಿರಳವಾಗಿ ಒಂದೊಂದು ಮಾತ್ರ ಅಸಾಧಾರಣ ತೀವ್ರತೆಯಿಂದ ಮಿಂಚಿತು. ಒಳಹೋಗುವ ಬೆಳಕಿನಲ್ಲಿ ಇದ್ದ ಅತ್ಯಲ್ಪ ವ್ಯತ್ಯಾಸವೇ ಇದಕ್ಕೆ ಬೀಜವೆಂದು ಕಂಡುಬಂದಿತು.

ಆಳನೀರಿನ ಅಲೆಗೂ ತಂತುವಿನ ಬೆಳಕಿಗೂ ಅರೇಖೀಯ ಶ್ರೋಡಿಂಜರ್ ಸಮೀಕರಣ ಅನ್ವಯಿಸುತ್ತದೆ. ಹೋವೆಲ್ ಪೆರಿಗ್ರಿನ್ 1983ರಲ್ಲಿ ಅದಕ್ಕೆ ಒಂದು ಪರಿಹಾರವನ್ನು ಕೊಟ್ಟನು: ಎಲ್ಲಿಂದಲೋ ಎದ್ದು, ಸುತ್ತಲಿನ ಅಲೆಯ ಮೂರು ಪಟ್ಟು ಎತ್ತರಕ್ಕೇರಿ, ಕುರುಹಿಲ್ಲದಂತೆ ಅಡಗುವ ಅಲೆ. ಬೆಳಕಿನಲ್ಲಿ ಇದು ಒಂಬತ್ತು ಪಟ್ಟು ತೀವ್ರತೆಗೆ ಸಮ. ಇಂತಹ ಅಲೆಯನ್ನು 2010ರಲ್ಲಿ ಗಾಜಿನ ತಂತುವಿನಲ್ಲಿ ಕಂಡರು. 2011ರಲ್ಲಿ ನೀರಿನ ತೊಟ್ಟಿಯಲ್ಲಿಯೂ ಕಂಡರು. ಮೊದಲು ನೀರಿಗಾಗಿ ಬರೆದ ಗಣಿತ ಮೊದಲು ಬೆಳಕಿನಲ್ಲಿ ಸಾಕ್ಷಿ ಪಡೆಯಿತು.

ಆದರೂ ಹೋಲಿಕೆಗೆ ಮಿತಿಯುಂಟು. ತಂತುವಿನಲ್ಲಿ ಬೆಳಕಿಗೆ ಒಂದೇ ದಾರಿ. ಕಡಲಿನಲ್ಲಿ ಅಲೆಗಳು ಹಲವು ದಿಕ್ಕುಗಳಿಂದ ಬಂದು ಕೂಡುತ್ತವೆ. ಡ್ರಾಪ್ನರ್ ಅಲೆಯನ್ನು ಈ ಅಸ್ಥಿರತೆಯ ನೆರವಿಲ್ಲದೆ, ಅಲೆಗಳ ಕೂಡುವಿಕೆಯಿಂದಲೇ ವಿವರಿಸಬಹುದೆಂದು 2016ರ ಅಧ್ಯಯನವೊಂದು ವಾದಿಸಿತು. ಸಮೀಕರಣ ಒಂದೇ ಆದ ಮಾತ್ರಕ್ಕೆ ಸನ್ನಿವೇಶವೂ ಒಂದೇ ಆಗಲಾರದು.

ವಿದ್ಯಾರ್ಥಿಯು ಇಲ್ಲಿ ಕಲಿಯಬೇಕಾದ ಪಾಠ ಸ್ಪಷ್ಟ. ಸರಾಸರಿಯು ಉಪಯುಕ್ತವೇ ಸರಿ. ಆದರೆ ವಿರಳವಾದುದನ್ನು ಅದು ಮರೆಮಾಡುತ್ತದೆ. ಹಡಗನ್ನು ಮುಳುಗಿಸುವುದು ಸರಾಸರಿ ಅಲೆಯಲ್ಲ. ಒಂದೊಂದನ್ನೂ ಬಿಡಿಯಾಗಿ ಅಳೆಯುವ ತಾಳ್ಮೆಯಿದ್ದವರಿಗೆ ಮಾತ್ರ ಆ ಒಂಟಿ ಅಲೆ ಕಾಣಿಸಿತು.